ಹಳೆ ಸೇತುವೆ ಹೋಗಿ ಹೊಸತು ಬರುವವರೆಗೆ

'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬ ಗಾದೆ ಹುಟ್ಟಿದ್ದು ಸೇತುವೆಗಳಿಲ್ಲದ ಕಾಲದಲ್ಲಿ. ಅಂಬಿಗ ಹೋದ, ಅವನ ಜಾಗಕ್ಕೆ ಸೇತುವೆ ಬಂತು. ಗಾದೆ ಮಾತ್ರ ಸುಳ್ಳಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಸೇತುವೆ ದಾಟುವವರಿಗೂ ಅಲ್ಲೊಂದು ಸೇತುವೆ ಇದೆ ಎಂಬುದೇ ಮರೆತಿರುತ್ತದೆ. ಅದು ನೆನಪಾಗುವುದು ಕುಸಿದು ಬಿದ್ದ ದಿನ, ಇಲ್ಲವೇ 'ಘನ ವಾಹನಗಳ ಸಂಚಾರ ನಿಷೇಧಿಸಲಾಗಿದೆ' ಎಂಬ ಫಲಕ ಎದ್ದುನಿಂತ ದಿನ.

ಬಂಟ್ವಾಳ ತಾಲೂಕಿನ ಮೂಲರಪಟ್ನದವರಿಗೆ ಅಂಥ ದಿನ ಬಂದದ್ದು 2018ರ ಜೂನ್ 25ರಂದು. ಆ ಸಂಜೆ ಫಲ್ಗುಣಿ ನದಿಗೆ ಅಡ್ಡಲಾಗಿದ್ದ ಸೇತುವೆ ಕುಸಿದು ನೀರಿಗೆ ಬಿತ್ತು. ಅದೃಷ್ಟವಶಾತ್ ಜೀವಹಾನಿ ಆಗಲಿಲ್ಲ. ಆದರೆ ಕುಪ್ಪೆಪದವು, ಬಜಪೆ ಕಡೆಗೆ ಹೋಗುವ ದಾರಿ ಒಂದೇ ಸಂಜೆಗೆ ಇಲ್ಲವಾಯಿತು. ಬಸ್ಸುಗಳು ಎರಡೂ ದಡದಲ್ಲಿ ತಿರುಗಿ ವಾಪಸಾಗತೊಡಗಿದವು. ಪಕ್ಕದ ತೂಗುಸೇತುವೆಯ ಮೇಲೆ ಜನ ನಡೆದು ದಾಟಬೇಕಾಯಿತು. ಸೇತುವೆಗೆ ಮೂರು ದಶಕಗಳಷ್ಟೇ ವಯಸ್ಸಾಗಿತ್ತು. ಹೊಸ ಸೇತುವೆ ಜನರಿಗೆ ಸಿಗುವಷ್ಟರಲ್ಲಿ ಮತ್ತೆ ಕೆಲವು ಮಳೆಗಾಲಗಳು ಕಳೆದವು.

ಹಳೆಯ ಸೇತುವೆಯನ್ನು ಬದಲಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಯಾವಾಗ ಬದಲಿಸಬೇಕು, ಬದಲಿಸುವಾಗ ಎರಡು ದಡದ ಬದುಕು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬುದರಲ್ಲಿ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ಫಲ್ಗುಣಿಯ ದಡಗುಂಟ ನಡೆದರೆ ಸಾಕು.

ಒಂದು ನದಿ, ಹಲವು ಸೇತುವೆ

ಪಶ್ಚಿಮ ಘಟ್ಟದ ತಪ್ಪಲಿನಿಂದ ಇಳಿದು ಬರುವ ಫಲ್ಗುಣಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರ ಗೊಮ್ಮಟನ ಪಾದದ ಬದಿಯಲ್ಲಿ ಹರಿಯುತ್ತದೆ. ಮೂಡುಬಿದಿರೆ ಸೀಮೆಯನ್ನು ಬಳಸಿ, ಬಂಟ್ವಾಳ ತಾಲೂಕಿನ ಮೂಲರಪಟ್ನ, ಪೊಳಲಿಗಳನ್ನು ಹಾದು, ಗುರುಪುರಕ್ಕೆ ಬರುವಾಗ ಗುರುಪುರ ನದಿ ಎನಿಸಿಕೊಳ್ಳುತ್ತದೆ. ಮುಂದೆ ಮರವೂರು, ಕೂಳೂರು ದಾಟಿ ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯ ಜತೆಗೂಡಿ ಸಮುದ್ರ ಸೇರುತ್ತದೆ. ದೊಡ್ಡ ನದಿಯೇನಲ್ಲ. ಆದರೂ ಕಳೆದ ಕೆಲವು ವರ್ಷಗಳಲ್ಲಿ ಈ ಒಂದೇ ನದಿಯ ಸೇತುವೆಗಳು ಕಲಿಸಿದ ಪಾಠ ಬಹಳ.

ಸೇತುವೆಗಳು ಬರುವ ಮೊದಲು ಈ ಜಿಲ್ಲೆಯ ನದಿಗಳು ದಾರಿಗೆ ಅಡ್ಡವಾಗಿರಲಿಲ್ಲ, ನದಿಯೇ ದಾರಿಯಾಗಿತ್ತು. ಘಟ್ಟದ ಮೇಲಿನಿಂದ ಬಂದ ಸರಕು ನೇತ್ರಾವತಿ ದಡದ ಬಂಟ್ವಾಳ ಪೇಟೆಯಲ್ಲಿ ದೋಣಿ ಏರಿ ಮಂಗಳೂರಿಗೆ ಹೋಗುತ್ತಿತ್ತು. ಅಡ್ಡ ದಾಟುವವರಿಗೆ ಕಡವುಗಳಿದ್ದವು, ತೋಡುಗಳ ಮೇಲೆ ಅಡಿಕೆ ಮರದ ಕಾಲುಸಂಕಗಳಿದ್ದವು. ತುಳುವಿನಲ್ಲಿ ಇಂದಿಗೂ ದೊಡ್ಡ ಸೇತುವೆಗೂ 'ಸಂಕ' ಎಂದೇ ಹೆಸರು. ಮೋಟಾರು ಬಂದ ಮೇಲೆ ಸರಕು ನದಿ ಬಿಟ್ಟು ರಸ್ತೆ ಹಿಡಿಯಿತು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ದಿನಗಳಲ್ಲಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೂ, ಗುರುಪುರದಲ್ಲಿ ಫಲ್ಗುಣಿಗೂ ಸೇತುವೆಗಳು ಬಂದವು.

ಗುರುಪುರದ ಉಕ್ಕಿನ ಸೇತುವೆ 1923ರದು. ತುಳುನಾಡಿನ ಹಿರಿಯರು 'ಮಾರಿಬೊಳ್ಳ' ಎಂದು ನೆನೆಯುತ್ತಿದ್ದ ಮಹಾ ನೆರೆ ಬಂದದ್ದೂ ಅದೇ ವರ್ಷ. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳಕ್ಕೆ ಹೋಗುವ ಸಕಲ ವಾಹನಗಳಿಗೂ ಅದೇ ಬಾಗಿಲು. ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿ, ಮೊದಲು 13 ಎಂದೂ ಬಳಿಕ 169 ಎಂದೂ ಕರೆಸಿಕೊಂಡಿತು. ಸೇತುವೆ ಮಾತ್ರ ಇದ್ದಷ್ಟೇ ಅಗಲವಿತ್ತು. ಎದುರುಬದುರಾಗಿ ಎರಡು ದೊಡ್ಡ ವಾಹನ ಬಂದರೆ ಒಂದು ಕಾಯಲೇಬೇಕು. ಮೂಡುಬಿದಿರೆಯ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳೂ, ಮಂಗಳೂರಿನ ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸುಗಳೂ ಈ ಸರತಿಯಲ್ಲಿ ನಿಂತವರೇ.

ಸೇತುವೆಗೆ ಮುಪ್ಪು ಬರುವುದು ಹೇಗೆ?

ಸೇತುವೆಯ ಮುಪ್ಪಿಗೆ ಮುಖ್ಯವಾಗಿ ಮೂರು ಕಾರಣಗಳು. ಮೊದಲನೆಯದು ಭಾರ. ಭಾರತದ ರಸ್ತೆ, ಸೇತುವೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ್ದೇ 1934ರಲ್ಲಿ. ಗುರುಪುರದ ಸೇತುವೆ ಅದಕ್ಕಿಂತ 11 ವರ್ಷ ಹಿರಿಯದು. ಎತ್ತಿನ ಗಾಡಿ ಮತ್ತು ಆರಂಭದ ಮೋಟಾರುಗಳ ಕಾಲದಲ್ಲಿ ಹುಟ್ಟಿದ ಸೇತುವೆಯ ಮೇಲೆ ಹತ್ತಾರು ಟನ್ ಭಾರದ ಲಾರಿಗಳು ಓಡಿದವು. ಈಗಿನ ಹೆದ್ದಾರಿ ಸೇತುವೆಗಳ ಲೆಕ್ಕಾಚಾರದಲ್ಲಿ 70 ಟನ್ ತೂಗುವ ಸರಪಳಿ ಚಕ್ರದ ವಾಹನವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಒಂದು ಭಾರಕ್ಕೆ ಸೇತುವೆ ಮುರಿಯದಿರಬಹುದು. ಆದರೆ ಅದೇ ಭಾರ ಲಕ್ಷಗಟ್ಟಲೆ ಸಲ ಬಂದುಹೋದಾಗ ಲೋಹ ದಣಿಯುತ್ತದೆ, ಕಣ್ಣಿಗೆ ಕಾಣದ ಬಿರುಕುಗಳು ಬೆಳೆಯುತ್ತವೆ.

ಎರಡನೆಯದು ಹವೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಬೇಸಗೆಯಲ್ಲಿ ನದಿಯ ಹರಿವು ಇಳಿದಾಗ ಸಮುದ್ರದ ಉಪ್ಪುನೀರು ಉಬ್ಬರದೊಂದಿಗೆ ಒಳನುಗ್ಗುತ್ತದೆ. ಉಪ್ಪಿನ ಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಕಾಂಕ್ರೀಟ್ ಸೇತುವೆಗಳೂ ಇದಕ್ಕೆ ಹೊರತಲ್ಲ. ಸಣ್ಣ ಬಿರುಕಿನಲ್ಲಿ ಒಳಹೊಕ್ಕ ತೇವ ಒಳಗಿನ ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ.

ಮೂರನೆಯದು ನದಿಯ ತಳ. ಇದು ಕಣ್ಣಿಗೆ ಬೀಳದ ಕಾರಣ ಹೆಚ್ಚು ಅಪಾಯಕಾರಿ. ಹರಿಯುವ ನೀರು ಕಂಬಕ್ಕೆ ಬಡಿದು ಸುಳಿಯಾಗಿ, ಕಂಬದ ಬುಡದ ಮರಳನ್ನು ಕೊರೆದು ಒಯ್ಯುತ್ತದೆ. ಮಳೆಗಾಲದಲ್ಲಿ ಹೋದ ಮರಳು ಮತ್ತೆ ಬಂದು ತುಂಬಿಕೊಳ್ಳುತ್ತದೆ. ಆದರೆ ಸೇತುವೆಯ ಆಸುಪಾಸಿನಲ್ಲಿ ಮರಳು ತೆಗೆಯುತ್ತ ಹೋದರೆ ತಳ ತಗ್ಗಿ, ಅಡಿಪಾಯ ಬಯಲಾಗುತ್ತದೆ. ಮೂಲರಪಟ್ನದ ಸೇತುವೆ ಬಿದ್ದಾಗ ಊರವರು ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತಲೇ. ಶತಮಾನದ ಗುರುಪುರ ಸೇತುವೆ ನಿಂತಿರುವಾಗಲೇ ಮೂರು ದಶಕದ ಮೂಲರಪಟ್ನ ಸೇತುವೆ ಬಿತ್ತು ಎಂಬುದನ್ನು ಗಮನಿಸಬೇಕು. ಸೇತುವೆಯ ಆರೋಗ್ಯವನ್ನು ವಯಸ್ಸಿನಿಂದಷ್ಟೇ ಅಳೆಯಲಾಗದು.

ಇದಕ್ಕೆ ಮರದ ದಿಮ್ಮಿಗಳ ಕಾಟವನ್ನೂ ಸೇರಿಸಬೇಕು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಮಿತ್ತಬಾಗಿಲು ಸುತ್ತಮುತ್ತ ಬೆಟ್ಟದಿಂದ ಇಳಿದ ನೆರೆ, ಮರಗಳನ್ನು ಬುಡಸಮೇತ ಹೊತ್ತು ತಂದಿತು. ಕಿರಿದಾದ ಕಿಂಡಿಗಳಿರುವ ಸೇತುವೆಗೆ ದಿಮ್ಮಿಗಳು ಅಡ್ಡಬಿದ್ದರೆ ಸೇತುವೆಯೇ ಅಣೆಕಟ್ಟಾಗುತ್ತದೆ. ನೀರು ಪಕ್ಕದ ತೋಟಕ್ಕೆ ನುಗ್ಗಿ, ಸೇತುವೆಯ ಕೂಡುರಸ್ತೆಯನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ. ಇಂಥ ಕಡೆ ಹೊಸ ಸೇತುವೆ ಕಟ್ಟುವಾಗ ಕಂಬಗಳ ಸಂಖ್ಯೆ ಕಡಿಮೆ ಮಾಡಿ, ಅಂತರ ಹೆಚ್ಚಿಸಿ, ಎತ್ತರಿಸುವುದು ಅಗತ್ಯ.

ಬದಲಿಸುವ ಮೂರು ದಾರಿ

ಹಳೆ ಸೇತುವೆಯನ್ನು ಬದಲಿಸಲು ಎಂಜಿನಿಯರುಗಳ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ.

ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಹೊಸತು ಕಟ್ಟುವುದು ಒಂದು. ಜಾಗ ಬೇಡ, ರಸ್ತೆಯ ದಿಕ್ಕು ಬದಲಾಗುವುದಿಲ್ಲ, ಅಂಗಡಿ ಮನೆಗಳಿಗೆ ಪೆಟ್ಟಿಲ್ಲ. ಆದರೆ ಕಟ್ಟಿ ಮುಗಿಯುವವರೆಗೆ ದಾರಿ ಬಂದ್. ಆಗ ಬದಲಿ ಮಾರ್ಗವೋ, ತಾತ್ಕಾಲಿಕ ಸೇತುವೆಯೋ ಬೇಕೇಬೇಕು. ಬೇಸಗೆಯಲ್ಲಾದರೆ ಮೋರಿ ಕೊಳವೆಗಳನ್ನಿಟ್ಟು ಮೇಲೆ ಮಣ್ಣು ತುಂಬಿಸಿ ಹೊಳೆಗಡ್ಡ ರಸ್ತೆ ಮಾಡಬಹುದು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಹೋಗುತ್ತದೆ. ಮಳೆಗಾಲಕ್ಕೂ ಬಾಳಬೇಕೆಂದರೆ ಬೈಲಿ ಸೇತುವೆಯಂಥ ಉಕ್ಕಿನ ಜೋಡಣೆ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಎಂಜಿನಿಯರ್ ಡೊನಾಲ್ಡ್ ಬೈಲಿ ರೂಪಿಸಿದ ಇದನ್ನು ಬಿಡಿ ಚೌಕಟ್ಟುಗಳಾಗಿ ಲಾರಿಯಲ್ಲಿ ತಂದು ಸ್ಥಳದಲ್ಲೇ ಜೋಡಿಸುತ್ತಾರೆ. 2024ರಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಭೂಕುಸಿತವಾದಾಗ ಸೇನೆ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಎರಡೇ ದಿನದೊಳಗೆ ನಿಲ್ಲಿಸಿತ್ತು.

ಎರಡನೆಯದು ಹಳೆಯದರ ಪಕ್ಕದಲ್ಲೇ ಹೊಸತು ಕಟ್ಟುವುದು. ಹಳೆಯದರ ಮೇಲೆ ಸಂಚಾರ ನಡೆಯುತ್ತಿರುವಾಗಲೇ ಹೊಸತು ಏಳುತ್ತದೆ. ಗುರುಪುರದಲ್ಲಿ ಆದದ್ದು ಇದೇ. 2019ರ ಆರಂಭದಲ್ಲಿ ಕೆಲಸ ಶುರುವಾಗಿ, ನಡುವೆ ಒಂದು ಮಳೆಗಾಲವನ್ನೂ 2020ರ ಲಾಕ್‌ಡೌನನ್ನೂ ದಾಟಿ, 2020ರ ಜೂನ್‌ನಲ್ಲಿ ಹೊಸ ಸೇತುವೆ ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 175 ಮೀಟರ್, ವೆಚ್ಚ 39 ಕೋಟಿ ರೂಪಾಯಿಗೂ ಹೆಚ್ಚು. ಈ ಕ್ರಮದಲ್ಲಿ ಜನರ ಓಡಾಟಕ್ಕೆ ತೊಂದರೆ ಕಡಿಮೆ. ಆದರೆ ಹೊಸ ಸೇತುವೆಗೆ ಹೊಸ ಕೂಡುರಸ್ತೆ ಬೇಕು, ಕೂಡುರಸ್ತೆಗೆ ಯಾರದೋ ಗದ್ದೆ, ಯಾರದೋ ಅಂಗಳ ಬೇಕು. ಸೇತುವೆ ಸಿದ್ಧವಾದರೂ ಕೂಡುರಸ್ತೆಯ ಜಾಗ ಸಿಗದಿದ್ದರೆ ಅದು ನದಿಯ ಮೇಲೆ ಸುಮ್ಮನೆ ನಿಂತಿರಬೇಕಾಗುತ್ತದೆ.

ಮೂರನೆಯ ದಾರಿ ನಮ್ಮಲ್ಲಿ ರಸ್ತೆ ಸೇತುವೆಗಳಿಗೆ ಅಪರೂಪ. ಹೊಸ ಸೇತುವೆಯ ಮೇಲ್ಭಾಗವನ್ನು ಪಕ್ಕದಲ್ಲಿ ತಾತ್ಕಾಲಿಕ ಕಂಬಗಳ ಮೇಲೆ ಕಟ್ಟಿ, ಹಳೆಯದನ್ನು ತೆಗೆದ ಮೇಲೆ ಅದರ ಸ್ಥಾನಕ್ಕೆ ಜಾರಿಸುವುದು. ಅಮೆರಿಕದ ಓಹಾಯೋ ನದಿಯ ಮೇಲೆ 1929ರಲ್ಲಿ ಕಟ್ಟಿದ್ದ ಮಿಲ್ಟನ್-ಮ್ಯಾಡಿಸನ್ ಸೇತುವೆಯನ್ನು ಹೀಗೆ ಬದಲಿಸಿದರು. 2014ರ ಏಪ್ರಿಲ್‌ನಲ್ಲಿ 2,427 ಅಡಿ ಉದ್ದದ ಉಕ್ಕಿನ ಚೌಕಟ್ಟನ್ನು 55 ಅಡಿ ಪಕ್ಕಕ್ಕೆ ಸರಿಸಿ, ಬಲಪಡಿಸಿದ ಹಳೆಯ ಕಂಬಗಳ ಮೇಲೆ ಕೂರಿಸಿದರು. ಹೊಸ ಜಾಗವೂ ಬೇಡ, ದೀರ್ಘಕಾಲದ ಬಂದ್ ಕೂಡ ಇಲ್ಲ. ಆದರೆ ಖರ್ಚು ಹೆಚ್ಚು, ನಿಖರತೆ ಬೇಕು, ಹಳೆಯ ಕಂಬಗಳ ತಳ ಗಟ್ಟಿಯಿರಬೇಕು.

ದೀಪಾವಳಿಯಿಂದ ಪತ್ತನಾಜೆಯವರೆಗೆ

ಯಾವ ದಾರಿ ಹಿಡಿದರೂ ಕರಾವಳಿಯಲ್ಲಿ ನದಿಯೊಳಗೆ ಕೆಲಸ ಮಾಡಲು ಸಿಗುವುದು ವರ್ಷದಲ್ಲಿ ಆರೇಳು ತಿಂಗಳು ಮಾತ್ರ. ನವೆಂಬರ್ ಹೊತ್ತಿಗೆ ನೀರು ಇಳಿಯುತ್ತದೆ, ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ. ಈ ನಡುವೆ ಮಣ್ಣಿನ ಬಂಡು ಕಟ್ಟಿ, ಅಡಿಪಾಯ ಇಳಿಸಿ, ಕಂಬವನ್ನು ನೆರೆಯ ಮಟ್ಟಕ್ಕಿಂತ ಮೇಲೆ ತರಬೇಕು. ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುವುದರಿಂದ ಅವಸರಕ್ಕೂ ಮಿತಿಯಿದೆ. ಮಳೆ ಬರುವ ಮೊದಲು ಬಂಡನ್ನು ತೆಗೆಯದೆ ಬಿಟ್ಟರೆ ನೀರು ದಡದ ಕಡೆ ತಿರುಗಿ ಅಡಿಕೆ ತೋಟವನ್ನೇ ಕೊರೆಯುತ್ತದೆ.

ಈ ಆರೇಳು ತಿಂಗಳು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ ಎಂಬುದೇ ಇಲ್ಲಿನ ತೊಡಕು. ತುಳುನಾಡಿನಲ್ಲಿ ಮದುವೆ, ಕೋಲ, ನೇಮ, ಜಾತ್ರೆ, ಕಂಬಳ, ಯಕ್ಷಗಾನಗಳ ಕಾಲವೂ ದೀಪಾವಳಿಯಿಂದ ಮೇ ತಿಂಗಳ ಪತ್ತನಾಜೆಯವರೆಗೇ. ಧರ್ಮಸ್ಥಳದ ಲಕ್ಷದೀಪೋತ್ಸವ, ಮೂಡುಬಿದಿರೆಯ ಕಂಬಳ, ತಿಂಗಳುಗಟ್ಟಲೆ ನಡೆಯುವ ಪೊಳಲಿಯ ಜಾತ್ರೆ ಎಲ್ಲವೂ ಇದರೊಳಗೆ ಬರುತ್ತವೆ. ಶಾಲೆ ಕಾಲೇಜುಗಳ ವಾರ್ಷಿಕ ಪರೀಕ್ಷೆಗಳೂ ಇದೇ ಹೊತ್ತಿಗೆ. ಎಂದರೆ ಜನ ಅತಿ ಹೆಚ್ಚು ಓಡಾಡುವ ದಿನಗಳಲ್ಲೇ ಸೇತುವೆಯ ಕೆಲಸವೂ ನಡೆಯಬೇಕು. ಕಾಮಗಾರಿಯ ವೇಳಾಪಟ್ಟಿ ಬರೆಯುವವರು ಊರಿನ ಪಂಚಾಂಗವನ್ನೂ ಮುಂದಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಜಾತ್ರೆಯ ದಿನ ಗರ್ಡರ್ ಎತ್ತದಿರುವುದು, ಪರೀಕ್ಷೆಯ ಬೆಳಗ್ಗೆ ರಸ್ತೆ ಬಂದ್ ಮಾಡದಿರುವುದು ಹಣ ಬೇಡುವ ಕೆಲಸಗಳಲ್ಲ.

ಬದಲಿ ಮಾರ್ಗವನ್ನೂ ಕಿಲೋಮೀಟರಿನಲ್ಲಷ್ಟೇ ಅಳೆದರೆ ಸಾಲದು. ಕಾರಿನವನಿಗೆ ಹತ್ತು ಕಿಲೋಮೀಟರ್ ಸುತ್ತು ಎಂದರೆ ಅರ್ಧ ಗಂಟೆ. ಸುತ್ತಿ ಕೊಂಡು ಬಾರಿಸಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೋಗುವ ಹೆಂಗಸಿಗೆ ಅದು ಎರಡು ಬಸ್ಸಿನ ಟಿಕೇಟು. ಬೆಳಗ್ಗಿನ ಹಾಲನ್ನು ಸೊಸೈಟಿಗೆ ಮುಟ್ಟಿಸುವವನಿಗೆ ಹಾಲು ಒಡೆಯುವ ಭಯ. 2024ರ ಆಗಸ್ಟ್‌ನಲ್ಲಿ ಪೊಳಲಿ-ಅಡ್ಡೂರು ಸೇತುವೆಯ ಮೇಲೆ ಘನ ವಾಹನ ನಿಷೇಧವಾದಾಗ ಬಸ್ಸುಗಳೂ ನಿಂತು, ವಿದ್ಯಾರ್ಥಿಗಳು ಪರದಾಡಿದರು. ಲಾರಿಯನ್ನು ತಡೆಯುವ ಆದೇಶ ಬಸ್ಸನ್ನೂ ತಡೆಯುತ್ತದೆ. ಆದ್ದರಿಂದ ಆದೇಶದ ಜತೆಗೇ ಎರಡೂ ದಡಗಳಿಗೆ ಬಸ್ಸಿನ ವೇಳೆ ಹೊಂದಿಸುವುದು, ನಡೆದು ದಾಟಲು ಸುರಕ್ಷಿತ ದಾರಿ ಉಳಿಸುವುದು ಅಗತ್ಯ.

ಒಂದು ಸೇತುವೆ ನಿಂತರೆ ಭಾರ ಇನ್ನೊಂದರ ಮೇಲೆ ಬೀಳುತ್ತದೆ. 2021ರ ಜೂನ್ 15ರಂದು ಮರವೂರಿನ ಸೇತುವೆ ಕುಸಿದು ತಗ್ಗಿದಾಗ ಕಾವೂರು-ಬಜಪೆ-ಕಟೀಲು ದಾರಿ ಮುಚ್ಚಿತು. ದುರಸ್ತಿ ಮುಗಿಯಲು ಜುಲೈ ಕೊನೆಯಾಯಿತು. ಅಷ್ಟು ದಿನ ಬಜಪೆ ಕಡೆಯ ವಾಹನಗಳ ಒಂದು ಪಾಲು ಗುರುಪುರ-ಕೈಕಂಬದ ಮೂಲಕ ಸುತ್ತಿತು. ಗುರುಪುರದ ಹೊಸ ಸೇತುವೆ ತೆರೆದು ಆಗಷ್ಟೇ ಒಂದು ವರ್ಷವಾಗಿತ್ತು. ಅದು ತಡವಾಗಿದ್ದರೆ ಆ ಭಾರವನ್ನೆಲ್ಲ 98 ವರ್ಷದ ಉಕ್ಕಿನ ಸೇತುವೆಯೇ ಹೊರಬೇಕಾಗುತ್ತಿತ್ತು.

ಹಳೆಯದನ್ನು ಏನು ಮಾಡಬೇಕು?

ಪಕ್ಕದಲ್ಲಿ ಹೊಸತು ಕಟ್ಟಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಹೆದ್ದಾರಿ ಅಗಲವಾಗುವಾಗ ಹೊಸ ಸೇತುವೆಯನ್ನು ಒಂದು ದಿಕ್ಕಿನ ಸಂಚಾರಕ್ಕೂ, ಹಳೆಯದನ್ನು ಇನ್ನೊಂದು ದಿಕ್ಕಿಗೂ ಬಿಡುವ ಪದ್ಧತಿ ನಮ್ಮಲ್ಲಿದೆ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಹೀಗೆಯೇ ಬಳಕೆಯಲ್ಲಿತ್ತು. 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಅದು ಕುಸಿದಾಗ ಸರಕಾರಿ ಬಸ್ಸುಗಳೆರಡು ನದಿಪಾಲಾದವು. ಪಕ್ಕದಲ್ಲೇ ಇನ್ನೊಂದು ಸೇತುವೆ ನಿಂತಿತ್ತು. ಕಾರವಾರದ ಕಾಳಿ ನದಿಯ ಮೇಲಿನ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದದ್ದೂ ಪಕ್ಕದಲ್ಲಿ ಹೊಸ ಸೇತುವೆ ಇರುವಾಗಲೇ. ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿಕೊಂಡ. ಹಗಲಿನಲ್ಲಾಗಿದ್ದರೆ ಏನಾಗುತ್ತಿತ್ತೋ ಊಹಿಸುವುದೇ ಕಷ್ಟ. ಹೊಸತು ಬಂತೆಂದು ಹಳೆಯದರ ತಪಾಸಣೆ ಸಡಿಲವಾಗಬಾರದು ಎಂಬುದು ಈ ಎರಡು ಘಟನೆಗಳ ಪಾಠ.

ಹಾಗೆಂದು ಹಳೆಯದನ್ನೆಲ್ಲ ಕೆಡವಬೇಕೆಂದಲ್ಲ. ಭಾರ ಇಳಿಸಿದರೆ ಹಳೆಯ ಸೇತುವೆಗೆ ಬೇರೆ ಬದುಕು ಕೊಡಬಹುದು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಾವೇರಿಗೆ ಕಟ್ಟಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯನ್ನು ಜನ ಇಂದಿಗೂ ನೋಡಲು ಹೋಗುತ್ತಾರೆ. ಹಳೆ ಸೇತುವೆ ಕಾಲುದಾರಿಯಾಗಬಹುದು, ಸೈಕಲ್ಲಿನವರಿಗೆ ಮೀಸಲಾಗಬಹುದು. ಕುಡಿಯುವ ನೀರಿನ ಕೊಳವೆ, ದೂರವಾಣಿ ಕೇಬಲುಗಳನ್ನು ಹೊತ್ತುಕೊಳ್ಳಬಹುದು. ಆದರೆ ಅದನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಲು ಯಾರಾದರೊಬ್ಬರು ಹೊಣೆಗಾರರಿರಬೇಕು.

ಇನ್ನೊಂದು ಪರಿಣಾಮ ನಿಧಾನವಾಗಿ ಕಾಣಿಸುತ್ತದೆ. ಸೇತುವೆಯ ಜಾಗ ಬದಲಾದರೆ ಪೇಟೆಯ ಹಣೆಬರಹವೂ ಬದಲಾಗುತ್ತದೆ. ದೋಣಿಗಳ ಕಾಲದಲ್ಲಿ ಮೆರೆದ ಬಂಟ್ವಾಳ ಪೇಟೆ ನದಿ ದಡದಲ್ಲೇ ಉಳಿಯಿತು. ಹೆದ್ದಾರಿಯ ಮೇಲಿನ ಬಂಟ್ವಾಳ ಕ್ರಾಸ್ ರಸ್ತೆ, ಜನರ ಬಾಯಲ್ಲಿ ಬಿ.ಸಿ. ರೋಡ್ ಆಗಿ, ತಾಲೂಕಿನ ಮುಖ್ಯ ಪೇಟೆಯಾಗಿ ಬೆಳೆಯಿತು. ಪಾಣೆಮಂಗಳೂರಿನಲ್ಲೂ ಹೆದ್ದಾರಿಗೆ ಹೊಸ ಸೇತುವೆ ಬಂದ ಮೇಲೆ ದೂರದ ವಾಹನಗಳು ಹಳೆ ಪೇಟೆಯನ್ನು ಬಿಟ್ಟು ಹೊರಗಿನಿಂದಲೇ ಹೋದವು. ಹೆದ್ದಾರಿಯವರಿಗೆ ಅದು ಅನುಕೂಲ, ಪೇಟೆಯ ಹೋಟೆಲಿನವನಿಗೆ ನಷ್ಟ. ನಕ್ಷೆಯಲ್ಲಿ ಗೆರೆ ಎಳೆಯುವ ಮೊದಲೇ ಎರಡೂ ದಡದವರನ್ನು ಕೂರಿಸಿ ಮಾತನಾಡಿದರೆ, ಹಳೆ ಪೇಟೆಗೆ ಒಂದು ಒಳದಾರಿಯನ್ನಾದರೂ ಉಳಿಸಿಕೊಡಬಹುದು.

ಮಾಡಬಹುದಾದದ್ದು

ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದಾಗ ಊರವರೇ ಕೈಜೋಡಿಸಿದ್ದರು. ಆಮೇಲೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ತೂಗುಸೇತುವೆಯ ಮೇಲೆ ಲಾರಿ ಓಡದು, ನಿಜ. ಆದರೆ ದೊಡ್ಡ ಸೇತುವೆ ನಿಂತುಹೋದಾಗ ಶಾಲೆಯ ಮಕ್ಕಳನ್ನು ದಾಟಿಸಲು ಅದು ಸಾಕು ಎಂಬುದನ್ನು ಮೂಲರಪಟ್ನ ತೋರಿಸಿತು. ಊರವರ ಬಳಿ ಎಂಜಿನಿಯರುಗಳಿಗೆ ಬೇಕಾದ ಮಾಹಿತಿಯೂ ಇರುತ್ತದೆ. 1974ರ ನೆರೆ ಯಾವ ಮನೆಯ ಯಾವ ಮೆಟ್ಟಿಲವರೆಗೆ ಬಂದಿತ್ತು, ಸೇತುವೆಯ ಯಾವ ಕಂಬದ ಬುಡದಲ್ಲಿ ಗುಂಡಿ ಬಿದ್ದಿದೆ ಎಂಬುದನ್ನು ಹೇಳಬಲ್ಲವರು ದಡದಲ್ಲಿ ಬದುಕಿದವರೇ.

ಮಳೆಗಾಲದ ಮೊದಲೂ ಅನಂತರವೂ ಕಂಬಗಳ ಬುಡವನ್ನು ನೋಡುವುದು, ಸೇತುವೆಯ ಆಸುಪಾಸಿನಲ್ಲಿ ಮರಳು ಮುಟ್ಟದಂತೆ ಕಾಯುವುದು, ಕುಸಿಯುವ ಮೊದಲೇ ಪಕ್ಕದಲ್ಲಿ ಹೊಸತು ಆರಂಭಿಸುವುದು, ಅಲ್ಲಿಯವರೆಗಿನ ಬಸ್ಸು ದೋಣಿಗಳ ಏರ್ಪಾಟನ್ನು ಕಾಮಗಾರಿಯ ಲೆಕ್ಕದಲ್ಲೇ ಸೇರಿಸುವುದು: ಇಷ್ಟು ಮಾಡಿದರೆ ಸೇತುವೆ ಬದಲಾದದ್ದು ಜನರಿಗೆ ಕಷ್ಟವಾಗಿ ನೆನಪಿರುವುದಿಲ್ಲ. ಒಂದೇ ನದಿಯ ಮೇಲೆ ಎರಡು ವರ್ಷಗಳ ಅಂತರದಲ್ಲಿ ಮೂಲರಪಟ್ನದ ಸೇತುವೆ ಬಿತ್ತು, ಗುರುಪುರದ ಹೊಸ ಸೇತುವೆ ತೆರೆಯಿತು. ಒಂದು ಕಡೆ ಬಿದ್ದ ಮೇಲೆ ಕಟ್ಟಿದರು, ಇನ್ನೊಂದು ಕಡೆ ಬೀಳುವ ಮೊದಲೇ ಕಟ್ಟಿದರು. ಗುರುಪುರದ ದಾರಿಯಲ್ಲಿ ಹೋಗುವ ಬಸ್ಸಿನಲ್ಲಿ ಕುಳಿತವರು ಹೊಸ ಸೇತುವೆ ಬಂದದ್ದೇ ಗೊತ್ತಾಗದಂತೆ ಹೊಳೆ ದಾಟುತ್ತಾರೆ. ಮೂಲರಪಟ್ನದವರು ಆ ಜೂನ್ ಸಂಜೆಯನ್ನು ಬೇಗ ಮರೆಯಲಾರರು.